ಯಾವ ಇಂಗ್ಲಿಷ್ ಪದ ಕಲಿಯಬೇಕು?



ಇಂಗ್ಲಿಷಿನಲ್ಲಿ 'ರೀಸನಬಲ್' ಅಂತ ಒಂದು ಪದ ಇದೆ. ನಿಘಂಟು ತೆಗೆದರೆ 'ಸಮಂಜಸವಾದ' ಅಂತ ಅರ್ಥ ಕೊಡುತ್ತದೆ. ಸಂತೆಯಲ್ಲಿ ಟೊಮೇಟೊ ರೇಟು ರೀಸನಬಲ್ ಅನ್ನೋದಕ್ಕೂ ಇದೇ ಪದ. ಕೇಳಿದರೆ ಹೆದರುವಂಥದ್ದೇನಲ್ಲ. ಆದರೆ ಈ ಪದ ನಮ್ಮ ಜನರ ಎಷ್ಟೋ ಎಕರೆ ಜಮೀನು ನುಂಗಿದೆ.

ಹೇಗೆ ಅಂತ ಹೇಳುತ್ತೇವೆ. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನನ್ನು ಉಳ್ಳವರು ಸಾಲದ ಲೆಕ್ಕದಲ್ಲಿ, ಮಗಳ ಮದುವೆಯ ಲೆಕ್ಕದಲ್ಲಿ, ಕೆಲವು ಕಡೆ ಬರೀ ಹೆಂಡದ ಲೆಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರೆಸಿಕೊಂಡಿದ್ದರು. ಅದನ್ನು ವಾಪಸು ಕೊಡಿಸಲಿಕ್ಕೆ 1978ರಲ್ಲಿ ಕಾಯ್ದೆ ಆಯಿತು, 1979ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ಜನ ಪಿಟಿಸಿಎಲ್ ಅಂತಾರಲ್ಲ, ಅದೇ. ಮಂಜೂರಾತಿಯ ಷರತ್ತು ಮುರಿದು ಮಾರಾಟ ಆಗಿದ್ದರೆ ಆ ಮಾರಾಟ 'ನಲ್ ಅಂಡ್ ವಾಯ್ಡ್'. ಎ.ಸಿ. ಸಾಹೇಬರು ಜಮೀನು ಬಿಡಿಸಿ ಮಂಜೂರಾದವನಿಗೋ ಅವನ ವಾರಸುದಾರರಿಗೋ ಕೊಡಬೇಕು. ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಆ ಕಾಯ್ದೆಯಲ್ಲಿ ಬರೆದಿರಲಿಲ್ಲ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿದ್ದರೂ 'ರೀಸನಬಲ್ ಟೈಮ್' ಒಳಗೆ ಬಂದು ಕೇಳಬೇಕು. ಆಮೇಲೆ ಈ ಎರಡು ಪದ ತೋರಿಸಿ ಅರ್ಜಿಗಳನ್ನು ಒಂದರ ಹಿಂದೆ ಒಂದು ವಜಾ ಮಾಡಿದರು. ರೀಸನಬಲ್ ಅಂದರೆ ಎಷ್ಟು ವರ್ಷ? ಐದೋ, ಹತ್ತೋ? ಅದು ಯಾರ ರೀಸನ್ನು? ಜಮೀನು ಬರೆಸಿಕೊಂಡವನ ಮನೆಯಲ್ಲೇ ಕೂಲಿಗೆ ನಿಂತು, ಕಾಯ್ದೆ ಬಂದಿದೆ ಅನ್ನೋದೇ ಗೊತ್ತಿಲ್ಲದೆ ಸತ್ತವನ ರೀಸನ್ನನ್ನು ಯಾರಾದರೂ ಕೇಳಿದರೇ?

ನಮ್ಮ ಜನ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಆ ತಿದ್ದುಪಡಿ ಒಂದು ಉದ್ದನೆಯ ಪದದಿಂದ ಶುರುವಾಗುತ್ತದೆ: 'ನಾಟ್‌ವಿತ್‌ಸ್ಟ್ಯಾಂಡಿಂಗ್'. ವಿತ್‌ಸ್ಟ್ಯಾಂಡ್ ಅಂದರೆ ಎದುರು ನಿಲ್ಲೋದು. ಹಿಂದೆ 'ನಾಟ್' ಸೇರಿಸಿದರೆ, ಬೇರೆ ಯಾವ ಕಾನೂನು ಏನೇ ಹೇಳಲಿ ಇದರ ಎದುರು ನಿಲ್ಲೋ ಹಾಗಿಲ್ಲ ಅಂತ ಅರ್ಥ. ಯಾವ ಕಾನೂನು ಏನೇ ಹೇಳಿದರೂ ಈ ಕಾಯ್ದೆಗೆ 'ಲಿಮಿಟೇಶನ್' ಇಲ್ಲ ಅಂತ ಬರೆದರು. ಗೆದ್ದೆವು ಅಂದುಕೊಂಡೆವು, ಸಿಹಿ ಹಂಚಿದೆವು. 2024ರ ಜುಲೈನಲ್ಲಿ ನಮ್ಮ ಹೈಕೋರ್ಟಿನ ದ್ವಿಸದಸ್ಯ ಪೀಠ ಏನಂತು? ತಿದ್ದುಪಡಿ ತೆಗೆದದ್ದು 'ಲಿಮಿಟೇಶನ್' ಅನ್ನು, 'ಲ್ಯಾಚಸ್' ಬೇರೆ, ಅದು ಹಾಗೇ ಇದೆ ಅಂತು. ಲಿಮಿಟೇಶನ್ ಅಂದರೆ ಕಾನೂನು ವರ್ಷ ಎಣಿಸಿ ಹಾಕಿದ ಗಡುವು. ಲ್ಯಾಚಸ್ ಅಂದರೆ ತನ್ನ ಹಕ್ಕಿನ ಮೇಲೆ ತಾನೇ ಮಲಗಿದ್ದು, ಕೇಳದೆ ಸುಮ್ಮನಿದ್ದದ್ದು. ಹಳೇ ಫ್ರೆಂಚಿನಲ್ಲಿ ಅದರ ಅರ್ಥ ಸಡಿಲತನ, ಮೈಗಳ್ಳತನ. ಮೂರು ತಲೆಮಾರು ಸೊಂಟ ಮುರಿಯೋ ಹಾಗೆ ದುಡಿದವರ ಮಕ್ಕಳಿಗೆ ಈ ಪದ!

ತೀರ್ಪು ಸರಿಯೋ ತಪ್ಪೋ, ಮೇಲಿನ ಕೋರ್ಟು ಏನು ಹೇಳೀತು, ಅದು ವಕೀಲ ಬಂಧುಗಳ ಕೆಲಸ. ನಾವು ಇಲ್ಲಿ ಎತ್ತುತ್ತಿರುವುದು ಬೇರೆ ಮಾತು. ತಿದ್ದುಪಡಿಯ ಕರಡು ಬರೆಯೋ ಹೊತ್ತಿಗೆ ಲಿಮಿಟೇಶನ್ ಬೇರೆ, ಲ್ಯಾಚಸ್ ಬೇರೆ ಅಂತ ಗೊತ್ತಿದ್ದ ಹತ್ತು ಜನ ನಮ್ಮ ಹುಡುಗರು ಧರಣಿ ಚಪ್ಪರದಲ್ಲಿ ಇದ್ದಿದ್ದರೆ ಏನು ಕೇಳುತ್ತಿದ್ದರು? 'ಸ್ವಾಮಿ, ಆ ಒಂದು ಪದ ಸಾಲದು, ಈ ಪದವನ್ನೂ ಸೇರಿಸಿ' ಅಂತ ಕೇಳುತ್ತಿದ್ದರು. ಸೇರಿಸುತ್ತಿದ್ದರೋ ಇಲ್ಲವೋ, ಕೇಳಲಿಕ್ಕಾದರೂ ಪದ ಬೇಕಲ್ಲ.

ಇದನ್ನು ನಾವು ಮೇಲ್ಮಟ್ಟದ ಇಂಗ್ಲಿಷ್ ಅಂತ ಕರೆಯುತ್ತೇವೆ. ಆದರೆ ಪೇಟೆಯಲ್ಲಿ ಆ ಹೆಸರಿನಲ್ಲಿ ಮಾರುತ್ತಿರೋ ಸರಕೇ ಬೇರೆ. ಫುಟ್‌ಪಾತಿನಲ್ಲಿ ರಾಶಿ ಹಾಕಿರುತ್ತಾರೆ, ಮೂವತ್ತು ದಿನದಲ್ಲಿ ಇಂಗ್ಲಿಷ್, ಸಾವಿರ ಕಠಿಣ ಪದಗಳು. ಕೋಚಿಂಗ್ ಸೆಂಟರಿನವರು ಪಟ್ಟಿ ಕೊಟ್ಟು ಉರು ಹೊಡೆಸುತ್ತಾರೆ. ಇವುಗಳಲ್ಲಿ ಒಳ್ಳೆಯದು ನಾರ್ಮನ್ ಲೂಯಿಸ್ ಅನ್ನೋ ಅಮೆರಿಕದವನು 1949ರಲ್ಲಿ ಬರೆದ 'ವರ್ಡ್ ಪವರ್ ಮೇಡ್ ಈಸಿ'. ಪದವನ್ನು ಬಿಡಿಸಿ ಬೇರು ತೋರಿಸೋ ಅವನ ದಾರಿ ಸರಿಯಾಗೇ ಇದೆ, ಅದನ್ನು ನಾವೂ ಹಿಡಿಯಬೇಕು. ಆದರೆ ಪುಸ್ತಕ ತೆರೆದರೆ ಮೊದಲು ಸಿಗೋದು ಇಗೋಯಿಸ್ಟ್, ಇಂಟ್ರೋವರ್ಟ್, ಮಿಸಾಂತ್ರೋಪ್. ತನ್ನನ್ನೇ ಮೆಚ್ಚಿಕೊಳ್ಳುವವನು, ಒಳಮುಖಿ, ಮನುಷ್ಯದ್ವೇಷಿ. ಅದು ಅಲ್ಲಿನ ಆಫೀಸು ನೌಕರರಿಗೆ, ಊಟ ಆದಮೇಲೆ ಮಾತಾಡುವವರಿಗೆ ಬರೆದ ಪುಸ್ತಕ. ನಮ್ಮ ಹಾಸ್ಟೆಲಿನ ಹುಡುಗ ಮಿಸಾಂತ್ರೋಪ್ ಕಲಿತು ಯಾರ ಹತ್ರ ಆಡುತ್ತಾನೆ? ಹದಿನೈದು ದಿನಕ್ಕೆ ಮರೆಯುತ್ತಾನೆ, ತನ್ನ ತಲೆಗೇ ಹತ್ತಲ್ಲ ಅಂತ ಕುಗ್ಗುತ್ತಾನೆ. ಹತ್ತದೆ ಇರೋದು ತಲೆಯ ದೋಷ ಅಲ್ಲ, ಪಟ್ಟಿಯ ದೋಷ.

ನಮ್ಮ ಅಪ್ಪ ಅಜ್ಜಂದಿರನ್ನು ನೋಡಿ. ಅಕ್ಷರ ಇರಲಿಲ್ಲ. ಆದರೆ ಜಮೀನು, ದರಖಾಸ್ತು, ತಕರಾರು, ವಸೂಲಿ, ಜಪ್ತಿ, ಜಾಮೀನು ಈ ಪದಗಳು ಅವರ ನಾಲಿಗೆಯ ಮೇಲಿದ್ದವು. ಇವು ಕನ್ನಡವೇ? ಪಾರಸಿ, ಅರಬ್ಬಿಯಿಂದ ಬಂದವು. ಯಾವ ಮೇಷ್ಟ್ರೂ ಕಲಿಸಲಿಲ್ಲ, ಯಾವ ಪಟ್ಟಿಯೂ ಇರಲಿಲ್ಲ. ತಾಲೂಕು ಕಚೇರಿಯ ಕಟ್ಟೆಯ ಮೇಲೆ ಕೂತು ಕೂತು ಕಲಿತರು. ಯಾಕಂದರೆ ಆ ಪದ ತಿಳಿಯದಿದ್ದರೆ ಹೊಲ ಹೋಗುತ್ತಿತ್ತು. ಹೊಟ್ಟೆಪಾಡಿಗೆ ತಗುಲಿಕೊಂಡ ಪದ ಮರೆಯೋದಿಲ್ಲ. ಓದು ಬಾರದ ಮುದುಕ ಪಾರಸಿ ಕಲಿತ ದಾರಿಯಲ್ಲೇ ಅವನ ಮೊಮ್ಮಗಳು ಇಂಗ್ಲಿಷ್ ಕಲಿಯಬಹುದು.

ಇಂಗ್ಲಿಷಿನ ದೊಡ್ಡ ಪದಗಳು ದೊಡ್ಡದಾಗಿ ಕಾಣೋದು ಕೂಡಿಸಿ ಕಟ್ಟಿರೋದರಿಂದ. ಬಿಡಿಸಿದರೆ ಇಟ್ಟಿಗೆಗಳು ಸಣ್ಣವೇ. ನಮಗೆಲ್ಲ ಗೊತ್ತಿರೋ ಒಂದನ್ನೇ ಬಿಡಿಸೋಣ. 'ಟಚ್' ಅಂದರೆ ಮುಟ್ಟು. 'ಟಚಬಲ್' ಮುಟ್ಟಬಹುದಾದ. ಹಿಂದೆ 'ಅನ್' ಹಾಕಿದರೆ 'ಅನ್‌ಟಚಬಲ್', ಮುಟ್ಟಬಾರದ. ಕೊನೆಗೆ ಬಾಲ ಕಟ್ಟಿದರೆ 'ಅನ್‌ಟಚಬಿಲಿಟಿ'. ಸಂವಿಧಾನದ 17ನೇ ವಿಧಿ ರದ್ದು ಮಾಡಿದ್ದು ಇದನ್ನು. ರದ್ದು ಮಾಡಿ ಅಷ್ಟಕ್ಕೇ ನಿಲ್ಲಿಸದೆ, 'ಇನ್ ಎನಿ ಫಾರ್ಮ್', ಯಾವ ರೂಪದಲ್ಲೂ ಆಚರಿಸಕೂಡದು ಅಂತ ಸೇರಿಸಿದರು. ಆ ಮೂರು ಸಣ್ಣ ಪದದೊಳಗೆ ಹೋಟೆಲಿನ ಬೇರೆ ಲೋಟವೂ ಬಂತು, ಬಾಡಿಗೆ ಮನೆ ಕೇಳಿದಾಗ 'ನೀವು ಯಾವ ಜನ' ಅನ್ನೋ ಪ್ರಶ್ನೆಯೂ ಬಂತು. ಹೀಗೇ 'ಏಲಿಯನ್' ಹಿಡಿದುಕೊಳ್ಳಿ, ಪರರದ್ದು ಅಂತ. 'ಏಲಿಯನೇಟ್' ಮಾಡೋದು ಅಂದರೆ ಪರರ ಪಾಲು ಮಾಡೋದು, 'ಏಲಿಯನೇಶನ್' ಪರಭಾರೆ. ನಿಮ್ಮ ಜಮೀನಿನ ಆದೇಶದಲ್ಲಿ ಹತ್ತು ಕಡೆ ಇರುತ್ತದೆ. 'ಇನ್‌ಏಲಿಯನಬಲ್' ಅಂದರೆ ಪರರ ಪಾಲು ಮಾಡಲಿಕ್ಕೇ ಬಾರದ್ದು. ಒಂದು ಬೇರಿಗೆ ನಾಲ್ಕು ಪದ. 'ವಾಯ್ಡ್' ಅಂದರೆ ಹುಟ್ಟಿನಿಂದಲೇ ಸತ್ತದ್ದು. 'ವಾಯ್ಡಬಲ್' ಅಂದರೆ ಯಾರಾದರೂ ಕೇಳಿ ರದ್ದು ಮಾಡಿಸೋವರೆಗೂ ಉಸಿರಾಡುತ್ತಿರೋದು. 1984ರಲ್ಲಿ ಸುಪ್ರೀಂ ಕೋರ್ಟು ನಮ್ಮ ಪಿಟಿಸಿಎಲ್ ಕಾಯ್ದೆಯನ್ನು ಎತ್ತಿಹಿಡಿದಾಗ ಈ ಎರಡರ ನಡುವಿನ ವ್ಯತ್ಯಾಸದ ಮೇಲೇ ಎಷ್ಟೋ ಮಾತು ನಡೆಯಿತು.

ಬಾಬಾಸಾಹೇಬರು ಪದ ಆರಿಸುತ್ತಿದ್ದ ರೀತಿಯನ್ನು ನಮ್ಮ ಹುಡುಗರು ಗಮನಿಸಬೇಕು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣ ಓದಿ ನೋಡಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದರು. ಅವರು ಅದನ್ನು ತಮ್ಮ ದುಡ್ಡಿನಲ್ಲೇ 1500 ಪ್ರತಿ ಅಚ್ಚು ಹಾಕಿಸಿದರು. ಹೆಸರು 'ಅನಿಹಿಲೇಶನ್ ಆಫ್ ಕಾಸ್ಟ್'. 'ರಿಫಾರ್ಮ್' ಅನ್ನಬಹುದಿತ್ತು, ಸುಣ್ಣ ಬಳಿದ ಹಾಗೆ. 'ರಿಮೂವಲ್' ಅನ್ನಬಹುದಿತ್ತು. 'ಅಬಾಲಿಶನ್' ಅಂದರೆ ಕಾಯ್ದೆ ಮಾಡಿ ರದ್ದು ಮಾಡಿದ ಹಾಗೆ. ಅವರು ಆರಿಸಿದ್ದು 'ಅನಿಹಿಲೇಶನ್'. ಲ್ಯಾಟಿನ್ನಿನಲ್ಲಿ 'ನಿಹಿಲ್' ಅಂದರೆ ಏನೂ ಇಲ್ಲ. ಏನೂ ಉಳಿಯದ ಹಾಗೆ ಮಾಡೋದು. ಮಂಡಲದವರು ಹೆದರಿದ್ದು ಸುಮ್ಮನೆ ಅಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಅವರೂ ಮದರಾಸಿನ ಆರ್. ಶ್ರೀನಿವಾಸನ್ ಅವರೂ ಕೊಟ್ಟ ಮನವಿಯಲ್ಲಿ 'ಡಿಪ್ರೆಸ್ಡ್ ಕ್ಲಾಸಸ್' ಅನ್ನೋ ಹೆಸರೇ ಬೇಡ, ಅದು ನಮ್ಮನ್ನು ದಿಕ್ಕಿಲ್ಲದವರ ಹಾಗೆ ತೋರಿಸುತ್ತೆ, ಬದಲಿಸಿ ಅಂತ ಕೇಳಿದ್ದರು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ನಮ್ಮ ಜನರನ್ನು 'ಹರಿಜನ' ಅಂತ ಕಾಯ್ದೆಯಲ್ಲಿ ಬರೆಯಲು ಹೊರಟಾಗ ಅವರ ಪಕ್ಷದವರು ಎದ್ದು ಹೊರಗೆ ನಡೆದರು. ಒಂದು ಪದಕ್ಕಾಗಿ ಸಭಾತ್ಯಾಗ. ಪದ ಅಂದರೆ ಅವರಿಗೆ ಅಷ್ಟು.

ಹಾಗಂತ ಇಂಗ್ಲಿಷನ್ನು ಜಾತಿ ಇಲ್ಲದ ಭಾಷೆ ಅಂತ ತಲೆ ಮೇಲೆ ಹೊತ್ತುಕೊಳ್ಳೋದು ಬೇಡ. ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಂಕಾ ಅನ್ನೋ ಹಳ್ಳಿಯಲ್ಲಿ ನಮ್ಮ ಬಂಧುಗಳು 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅವರ ಹಸಿವು ನಮಗೆ ಅರ್ಥವಾಗುತ್ತದೆ. ಸಾವಿತ್ರಿಬಾಯಿ ಫುಲೆ 1854ರಲ್ಲೇ ಇಂಗ್ಲಿಷ್ ಕಲಿಯಿರಿ ಅಂತ ಪದ್ಯ ಬರೆದವರು. ಆದರೆ ಗುಡಿ ಯಾಕೆ? ಇರೋ ದೇವರುಗಳೇ ನಮ್ಮನ್ನು ಹೊರಗೆ ನಿಲ್ಲಿಸಿವೆ, ಇನ್ನೊಂದನ್ನು ನಾವೇ ಮಾಡಿಕೊಳ್ಳೋದು ಯಾವ ಸುಖಕ್ಕೆ?

ಪೇಟೆಯ ಆ ಕಠಿಣ ಪದದ ಪಟ್ಟಿಯಲ್ಲೇ ಹುಡುಕಿ. 'ಪರಾಯ' ಅನ್ನೋ ಪದ ಇರುತ್ತದೆ. ಅರ್ಥ: ಸಮಾಜ ಹೊರಗೆ ಹಾಕಿದವನು, ಯಾರಿಗೂ ಬೇಡವಾದವನು. ಇದು ಎಲ್ಲಿಂದ ಬಂತು? ತಮಿಳುನಾಡಿನ ನಮ್ಮ ಬಂಧುಗಳಾದ ಪರೈಯರ ಹೆಸರು ಅದು. ಪರೈ ಅಂದರೆ ಅವರು ಬಡಿಯೋ ವಾದ್ಯ, ನಮ್ಮ ತಮಟೆ ಇದ್ದ ಹಾಗೆ. ತಮಟೆ ಬಡಿಯೋ ಜನರ ಹೆಸರನ್ನು ಬಿಳಿಯರು ಹಡಗು ಹತ್ತಿಸಿಕೊಂಡು ಹೋಗಿ ಬೈಗುಳ ಮಾಡಿದರು. ಅದೇ ಬಿಳಿಯರು 'ಬ್ರಾಹ್ಮಣ' ಅನ್ನೋ ಪದವನ್ನೂ ತಗೊಂಡು ಹೋದರು. 1860ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಅನ್ನೋ ಅಮೆರಿಕದ ಡಾಕ್ಟರು ಬಾಸ್ಟನ್ ಊರಿನ ಹಳೇ ಓದಿದ ಮನೆತನದವರನ್ನು ಬ್ರಾಹ್ಮಿನ್ ಜಾತಿ ಅಂತ ಮೆಚ್ಚಿ ಬರೆದ. ಇವತ್ತಿಗೂ 'ಬಾಸ್ಟನ್ ಬ್ರಾಹ್ಮಿನ್' ಅಂದರೆ ಅಲ್ಲಿ ದೊಡ್ಡ ಮರ್ಯಾದೆ. ಒಬ್ಬನ ಜಾತಿಯ ಹೆಸರು ಇಂಗ್ಲಿಷಿಗೆ ಹೋಗಿ ಹೊಗಳಿಕೆ ಆಯಿತು, ಇನ್ನೊಬ್ಬನದು ಹೋಗಿ ಬೈಗುಳ ಆಯಿತು. ನಿಘಂಟಿನೊಳಗೂ ಅಗ್ರಹಾರ ಇದೆ, ಕೇರಿ ಇದೆ. ಇವತ್ತು ಅದೇ ನಿಘಂಟುಗಳಲ್ಲಿ 'ದಲಿತ' ಅನ್ನೋ ಪದವೂ ಇದೆ. ಅದನ್ನು ಯಾವ ಬಿಳಿಯನೂ ಒಯ್ಯಲಿಲ್ಲ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದ ಹುಡುಗರೂ ಅವರ ಹಿಂದೆ ಮುಂದೆ ಹೋರಾಡಿದವರೂ ನುಗ್ಗಿಸಿದ್ದು.

ಇಂಗ್ಲಿಷಿನವರ ಮನೆ ಕಥೆಯೂ ಕೇಳೋ ಹಾಗಿದೆ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದರು. ಅಲ್ಲಿಂದ ಆಳುವವರ ಮಾತು ಫ್ರೆಂಚು, ದುಡಿಯುವವರ ಮಾತು ಇಂಗ್ಲಿಷು. ಅದರ ಗುರುತು ಪದಗಳಲ್ಲಿ ಇವತ್ತೂ ಇದೆ. ನೆಲ, ಕೆಲಸ, ಬೆವರು, ಹಸಿವು ಇವಕ್ಕೆ ಲ್ಯಾಂಡ್, ವರ್ಕ್, ಸ್ವೆಟ್, ಹಂಗರ್, ಎಲ್ಲ ಹಳೇ ಇಂಗ್ಲಿಷು. ಪ್ರಾಪರ್ಟಿ, ಟೆನೆಂಟ್, ಕೋರ್ಟ್, ಜಡ್ಜ್, ಜಸ್ಟಿಸ್ ಎಲ್ಲ ಫ್ರೆಂಚಿನಿಂದ ಬಂದದ್ದು. ದನ ಮೇಯಿಸುವವನಿಗೆ ಅದು 'ಕೌ', ತಟ್ಟೆಗೆ ಬಡಿಸಿಕೊಂಡವನಿಗೆ 'ಬೀಫ್'. ಪಾಪ, ಸಾಕಿದವನಿಗೆ ತಿನ್ನೋ ಪದ ಇಲ್ಲ! (ನಮ್ಮ ಕಡೆ ತಿನ್ನುವವನಿಗೆ ಕೇಸು. ಅದು ಬೇರೆ ಕಥೆ.) ಕೋರ್ಟಿನಲ್ಲಿ ವಾದ ಫ್ರೆಂಚಿನಲ್ಲಿ, ದಾಖಲೆ ಲ್ಯಾಟಿನ್ನಿನಲ್ಲಿ. ಕಟಕಟೆಯಲ್ಲಿ ನಿಂತ ಇಂಗ್ಲಿಷ್ ರೈತನಿಗೆ ತನ್ನ ಮೇಲೆ ಏನು ಆರೋಪ ಅಂತಲೇ ಗೊತ್ತಾಗುತ್ತಿರಲಿಲ್ಲ. ಈ ಫ್ರೆಂಚು ಜನಕ್ಕೆ ತಿಳಿಯೋದಿಲ್ಲ ಅಂತ 1362ರಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ ಕಾಯ್ದೆ ಮಾಡಿದರು. ದಾಖಲೆಯೂ ಇಂಗ್ಲಿಷಿಗೆ ಬರಲು 1733 ಆಗಬೇಕಾಯಿತು. ಆರು ಶತಮಾನಕ್ಕೂ ಮೇಲೆ ಅವರದೇ ಕೋರ್ಟಿನಲ್ಲಿ ಅವರು ಪರಕೀಯರು. ಲ್ಯಾಚಸ್ ಅನ್ನೋದು ಆ ಕಾಲದ ಪಳೆಯುಳಿಕೆ.

ಆದ್ದರಿಂದಲೇ ಕನ್ನಡದ ಮಾತನ್ನು ಇಲ್ಲಿ ಎತ್ತಲೇಬೇಕು. ನಾವು ಇಂಗ್ಲಿಷ್ ಅಂದ ಕೂಡಲೇ ಕನ್ನಡದ್ರೋಹಿ ಅನ್ನುವವರು ಇದ್ದಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು, ಇಂಗ್ಲಿಷ್ ಕಲಿಯಿರಿ ಅಂದರು. ಬೂಸಾ ಅಂದದ್ದಕ್ಕೆ ಬೆಂಕಿ ಬಿತ್ತು, ಹಾಸ್ಟೆಲಿನ ನಮ್ಮ ಹುಡುಗರಿಗೆ ಏಟು ಬಿತ್ತು, ಅವರ ಮಂತ್ರಿ ಪದವಿ ಹೋಯಿತು. ಆ ಗಲಾಟೆಯಿಂದಲೇ ನಮ್ಮ ಚಳವಳಿ ಹುಟ್ಟಿತು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಇಂಗ್ಲಿಷ್ ಕಲಿಯಿರಿ ಅಂದ ಅರ್ಧ ಮಾತನ್ನು ಗಲಾಟೆ ನುಂಗಿಹಾಕಿತು. ನಾವು ಆ ಅರ್ಧವನ್ನು ಮತ್ತೆ ಎತ್ತುತ್ತೇವೆ, ಜತೆಗೆ ಒಂದು ಸೇರಿಸುತ್ತೇವೆ. ಸಂವಿಧಾನದ 348ನೇ ವಿಧಿ ಹೈಕೋರ್ಟಿನ ಭಾಷೆ ಇಂಗ್ಲಿಷ್ ಅನ್ನುತ್ತದೆ. ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ರಾಜ್ಯಪಾಲರು ಅಲ್ಲಿನ ಕಲಾಪಕ್ಕೆ ರಾಜ್ಯದ ಭಾಷೆಯನ್ನೂ ಬಿಡಬಹುದು ಅಂತಲೂ ಅದರಲ್ಲೇ ಇದೆ. ಕನ್ನಡದ ಹೆಸರಿನಲ್ಲಿ ಬೋರ್ಡಿಗೆ ಮಸಿ ಬಳಿಯುವವರು ಇದಕ್ಕೆ ಎಷ್ಟು ದಿನ ಬೀದಿಗಿಳಿದಿದ್ದಾರೆ? ನಮ್ಮ ಭೂಮಿಯ ತೀರ್ಪು ನಮ್ಮ ತಾಯಂದಿರಿಗೆ ತಿಳಿಯೋ ಕನ್ನಡದಲ್ಲಿ ಬರಲಿ, ನಾವು ಮೊದಲ ಸಾಲಿನಲ್ಲಿ ನಿಲ್ಲುತ್ತೇವೆ. ಅದು ಬರೋವರೆಗೆ ಇಂಗ್ಲಿಷ್ ಗೊತ್ತಿಲ್ಲದೆ ಹೊಲ ಕಳೆದುಕೊಳ್ಳಿ ಅಂದರೆ ಕೇಳೋದಿಲ್ಲ.

ದೌರ್ಜನ್ಯ ತಡೆ ಕಾಯ್ದೆಯನ್ನೇ ನೋಡಿ. 1989ರ ಕಾಯ್ದೆ. ಜಾತಿ ಹಿಡಿದು ಬೈದದ್ದು 'ಇನ್ ಎನಿ ಪ್ಲೇಸ್ ವಿದಿನ್ ಪಬ್ಲಿಕ್ ವ್ಯೂ' ಆಗಿರಬೇಕು ಅನ್ನುತ್ತೆ. 'ಪಬ್ಲಿಕ್ ಪ್ಲೇಸ್' ಅಂದರೆ ಸಾರ್ವಜನಿಕ ಜಾಗ. 'ಪಬ್ಲಿಕ್ ವ್ಯೂ' ಅಂದರೆ ಜನರ ಕಣ್ಣಿಗೆ ಬೀಳೋ ಜಾಗ, ಅದು ಖಾಸಗಿ ಮನೆಯ ಗೇಟಿನ ಹತ್ತಿರವೂ ಆಗಬಹುದು. 2008ರಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸ ಬಿಡಿಸಿ ಹೇಳಿತು. 2020ರಲ್ಲಿ ಅದೇ ಕೋರ್ಟು, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ಒಳಗೆ ಬೈದರೆ ಪಬ್ಲಿಕ್ ವ್ಯೂ ಅಲ್ಲ ಅಂತು. ದೂರು ಬರೆಸೋ ದಿನ ಠಾಣೆಯಲ್ಲಿ ಈ ಒಂದು ಪದ ಗೊತ್ತಿರುವವರು ಜತೆಗಿದ್ದರೆ, ಅಲ್ಲಿ ಯಾರು ಯಾರು ನೋಡುತ್ತಿದ್ದರು, ಎಲ್ಲಿ ನಿಂತಿದ್ದರು ಅನ್ನೋದನ್ನು ಮೊದಲೇ ಬರೆಸುತ್ತಾರೆ. ಇಲ್ಲದಿದ್ದರೆ ನಾಲ್ಕು ವರ್ಷ ಆದಮೇಲೆ ಕೇಸು ಬಿದ್ದುಹೋಗುತ್ತದೆ, ಊರಿನವರು ಸುಳ್ಳು ಕೇಸು ಅಂತ ನಗುತ್ತಾರೆ.

ಎಷ್ಟು ಪದ ಬೇಕು ಅಂತ ಹುಡುಗರು ಕೇಳುತ್ತಾರೆ. ಹೆದರೋ ಹಾಗಿಲ್ಲ. ಢಾಕಾದಲ್ಲಿ ಮೇಷ್ಟ್ರಾಗಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದದ ಪಟ್ಟಿ ಮಾಡಿದ, ದಿನಬಳಕೆಯವು. ಹತ್ತನೇ ಕ್ಲಾಸು ದಾಟಿದವರಿಗೆ ಅದರಲ್ಲಿ ಬಹಳಷ್ಟು ಬರುತ್ತದೆ. ಅದರ ಮೇಲೆ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಅನ್ನೋ ಮೇಡಮ್ಮು 2000ದಲ್ಲಿ ಓದಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರೋ ಪದಗಳನ್ನು ಎಣಿಸಿ 570 ಪದ ಕುಟುಂಬಗಳ ಪಟ್ಟಿ ಕೊಟ್ಟರು. ಇಂಥ ಪುಸ್ತಕದ ಹತ್ತರಲ್ಲಿ ಒಂದು ಪದ ಇದರಿಂದಲೇ ಬರುತ್ತದಂತೆ. ದಿನಕ್ಕೆ ಮೂರು ಕಲಿತರೆ ಆರು ತಿಂಗಳ ಮೇಲೆ ಹತ್ತು ದಿನ. ಆ ಪಟ್ಟಿ ತೆಗೆದು ನೋಡಿದೆವು. ಲೇಬರ್, ಇನ್‌ಕಮ್, ಡಿಸ್ಟ್ರಿಬ್ಯೂಟ್, ಎಕ್ಸ್‌ಕ್ಲೂಡ್, ಡಿನೈ, ಡಿಸ್ಕ್ರಿಮಿನೇಟ್, ಎಕ್ಸ್‌ಪ್ಲಾಯ್ಟ್. ದುಡಿಮೆ, ವರಮಾನ, ಹಂಚಿಕೆ, ಹೊರಗಿಡೋದು, ಇಲ್ಲ ಅನ್ನೋದು, ಭೇದ, ಶೋಷಣೆ. ಇವುಗಳ ಅರ್ಥ ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ಅರ್ಥ ಮೈಮೇಲೇ ಇದೆ, ಬರೀ ಪದ ತಿಳಿದುಕೊಂಡರೆ ಸಾಕು.

ಆದರೆ ಪಟ್ಟಿಯನ್ನು ಪಟ್ಟಿಯಾಗಿ ಓದಬೇಡಿ. ಬಾಬಾಸಾಹೇಬರ ಬರಹಗಳನ್ನು ಮಹಾರಾಷ್ಟ್ರ ಸರ್ಕಾರ 1979ರಿಂದ ಸಂಪುಟ ಸಂಪುಟವಾಗಿ ತಂದಿದೆ, ಮೊಬೈಲಿನಲ್ಲೇ ಬಿಟ್ಟಿ ಸಿಗುತ್ತವೆ. ಮೊದಲನೇ ಸಂಪುಟದಲ್ಲಿ 'ಅನಿಹಿಲೇಶನ್' ಇದೆ. ಕನ್ನಡ ಅನುವಾದ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಒಂದು ಪುಟ ಓದಿ. ಒಂದೇ ಪದ ಹತ್ತು ಜಾಗದಲ್ಲಿ ಹತ್ತು ಸಲ ಸಿಕ್ಕಿದಾಗ ಮಾತ್ರ ನಿಮ್ಮದಾಗುತ್ತೆ. ನೋಟ್‌ಬುಕ್ಕಿನಲ್ಲಿ ಬರೀ ಪದ, ಅರ್ಥ ಬರೆಯಬೇಡಿ, ಆ ಪದ ಇದ್ದ ಪೂರಾ ವಾಕ್ಯ ಬರೆಯಿರಿ, ಕೆಳಗೆ ನಿಮ್ಮೂರಿನ ಸಂಗತಿ ಹಾಕಿ ಅದೇ ಪದದಲ್ಲಿ ನಿಮ್ಮದೊಂದು ವಾಕ್ಯ ಬರೆಯಿರಿ. ಮೊಬೈಲಿನ ಅನುವಾದ ನೆಚ್ಚಿಕೊಂಡು ಕೂರಬೇಡಿ. ಅದು ರೀಸನಬಲ್ ಅಂದರೆ ಸಮಂಜಸ ಅಂತ ಹೇಳಿ ಸುಮ್ಮನಾಗುತ್ತೆ, ಯಾರಿಗೆ ಸಮಂಜಸ ಅಂತ ಹೇಳಲ್ಲ. ಉಚ್ಚಾರಣೆಗೆ ಯಾರಾದರೂ ನಕ್ಕರೆ ನಗಲಿ. ಇಸ್ಕೂಲು ಅಂದವನಿಗೆ ಲ್ಯಾಚಸ್ ಗೊತ್ತಿದ್ದರೆ ನಕ್ಕವನೇ ಅರ್ಥ ಕೇಳಿಕೊಂಡು ಬರುತ್ತಾನೆ.

ಒಬ್ಬೊಬ್ಬರೇ ಕೂತು ಓದೋ ಕೆಲಸ ಇದಲ್ಲ. ಪ್ರತಿ ಹಾಸ್ಟೆಲಿನಲ್ಲೂ ಒಂದು ಒಳ್ಳೇ ಇಂಗ್ಲಿಷ್-ಕನ್ನಡ ನಿಘಂಟು, ಒಂದು ಕಾನೂನು ಪದಕೋಶ ಇರಬೇಕು ಅಂತ ವಾರ್ಡನ್ನರಿಗೆ, ಜಿಲ್ಲಾ ಅಧಿಕಾರಿಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಸಂಜೆ ಊಟಕ್ಕೆ ಮುಂಚೆ ಒಂದು ಗಂಟೆ ಕೂತುಕೊಳ್ಳಿ. ಒಬ್ಬರು ಓದಲಿ, ಒಬ್ಬರು ನಿಘಂಟು ನೋಡಲಿ, ಒಬ್ಬರು ನಮ್ಮ ಮಾತಿನಲ್ಲಿ ಬರೆಯಲಿ. ಹುಡುಗಿಯರ ಹಾಸ್ಟೆಲಿನಲ್ಲೂ ಹೀಗೇ ಆಗಬೇಕು, ಅಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತೆ ಅಂತ ನಮಗೆ ಗೊತ್ತು. ಹೈಕೋರ್ಟಿನ 2024ರ ಆ ತೀರ್ಪಿನಿಂದಲೇ ಶುರು ಮಾಡಬಹುದು. ಬರೆದದ್ದನ್ನು ರಜಕ್ಕೆ ಊರಿಗೆ ಹೋಗುವಾಗ ಒಯ್ದು, ಕೇರಿಯಲ್ಲಿ ಪಿಟಿಸಿಎಲ್ ಅರ್ಜಿ ಹಾಕಿಕೊಂಡು ಕೂತವರಿಗೆ ಓದಿ ಹೇಳಿ. ಅವರು ಕೇಳೋ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ.